ಹೊಸದಾಗಿ ಕೊಂಡ ಮೋಟಾರ್ ಬೋಟು: ವಿಮೆ ಮೊದಲೋ, ಕಟ್ಟುವ ಜಾಗ ಮೊದಲೋ? (ಹಂಗಾರಕಟ್ಟೆ – ಕೋಡಿ ಬೆಂಗ್ರೆ)

ಸೀತಾತೀರ

ಎಲ್ಲರಿಗೂ ನಮಸ್ಕಾರ. 6 ಮೀಟರ್ ಉದ್ದದ ಫೈಬರ್ ಬೋಟು, 60 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್, ಟ್ರೇಲರ್ ಸಮೇತ. ಸೆಕೆಂಡ್ ಹ್ಯಾಂಡ್. ಮನೆಮಂದಿಯ ಓಡಾಟಕ್ಕೆ ಮಾತ್ರ, ಬಾಡಿಗೆಗಲ್ಲ. ಸೀತಾ–ಸ್ವರ್ಣಾ ಸೇರುವ ಹಿನ್ನೀರಿನಲ್ಲಿ, ಹಂಗಾರಕಟ್ಟೆ ಬದಿಗೆ ಕಟ್ಟುವ ಯೋಚನೆ. ಅಲ್ಲಿ ಇಳಿತದಲ್ಲಿ ಒಂದೂವರೆ ಮೀಟರ್ ನೀರಿದೆ. ತಳ ಮರಳು, ಮೇಲೆ ತೆಳು ಕೆಸರು.

ಹಿಂದಿನ ಮಾಲೀಕರ ಪಾಲಿಸಿಗೆ ಇನ್ನೂ 5 ತಿಂಗಳು ಬಾಕಿ ಇದೆ. ಅದನ್ನೇ ಮುಂದುವರಿಸಬಹುದೇ? ವಿಮೆ ಮೊದಲು ಮಾಡಿಸಬೇಕೋ, ಮೂರಿಂಗ್ (ಬೋಟು ಕಟ್ಟಲು ನೀರಿನ ತಳಕ್ಕೆ ಇಳಿಸುವ ಕಾಂಕ್ರೀಟ್ ಬ್ಲಾಕ್, ಸರಪಳಿ) ಮೊದಲು ಹಾಕಬೇಕೋ? ಬ್ಲಾಕ್ ಎಷ್ಟು ತೂಕದ್ದು ಬೇಕು?

ಪಾಲಿಸಿಪುಟ

ಮೊದಲು ಹಳೆ ಪಾಲಿಸಿಯ ವಿಷಯ. ಅದನ್ನು ನಂಬಿ ಬೋಟು ನೀರಿಗಿಳಿಸಬೇಡಿ. 1963ರ ಸಾಗರ ವಿಮಾ ಕಾಯ್ದೆಯ 17ನೇ ಕಲಂ ಪ್ರಕಾರ ವಸ್ತು ಕೈ ಬದಲಾಯಿಸಿದ ಮಾತ್ರಕ್ಕೆ ಅದರ ವಿಮೆ ಹೊಸ ಮಾಲೀಕರಿಗೆ ಬರುವುದಿಲ್ಲ. ಹಾಗೆಂದು ಮಾರಿದವರೊಂದಿಗೆ ಒಪ್ಪಂದ ಇರಬೇಕು, ಕಂಪನಿಯೂ ಒಪ್ಪಿ ಪಾಲಿಸಿಗೆ ತಿದ್ದುಪಡಿ ಪತ್ರ, ಅಂದರೆ ಎಂಡಾರ್ಸ್‌ಮೆಂಟ್ ಕೊಟ್ಟಿರಬೇಕು. ಕಾರಿನ ವಿಮೆಯ ಅಭ್ಯಾಸದಲ್ಲಿ ತುಂಬ ಜನ ಎಡವುವುದು ಇಲ್ಲೇ. ಮಾರಿದವರಿಗೆ ಬೋಟಿನ ಮೇಲೆ ಹಿತಾಸಕ್ತಿ ಉಳಿದಿಲ್ಲ, ನಿಮ್ಮ ಹೆಸರು ಪಾಲಿಸಿಯಲ್ಲಿಲ್ಲ. ನಡುವೆ ಬೋಟು ಮುಳುಗಿದರೆ ಇಬ್ಬರಿಗೂ ಏನೂ ಸಿಗುವುದಿಲ್ಲ.

ಇನ್ನೊಂದು: 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಕೈ ಸೇರುವವರೆಗೆ ಕಂಪನಿ ಅಪಾಯ ಹೊರುವಂತಿಲ್ಲ. ಏಜೆಂಟ್ "ಆಯ್ತು ಸರ್, ನಾಳೆಯಿಂದ ಕವರ್ ಇದೆ" ಎಂದು ವಾಟ್ಸ್‌ಆ್ಯಪ್ ಕಳಿಸಿದರೆ ಅದು ಕವರ್ ಅಲ್ಲ. ರಸೀದಿ ಮತ್ತು ಪಾಲಿಸಿ ಶೆಡ್ಯೂಲ್‌ನಲ್ಲಿರುವ ದಿನ, ಗಂಟೆ ನೋಡಿಕೊಳ್ಳಿ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ: ಕಟ್ಟುವ ಜಾಗ ಮೊದಲು ನಿಶ್ಚಯವಾಗಲಿ. ಪ್ರಪೋಸಲ್ ಫಾರ್ಮಿನಲ್ಲಿ (ವಿಮೆಯ ಅರ್ಜಿ) ಬೋಟು ಎಲ್ಲಿ, ಹೇಗೆ ಕಟ್ಟಿರುತ್ತದೆ ಎಂಬ ಸಾಲು ಇರುತ್ತದೆ. ಅಲ್ಲಿ ಬರೆದದ್ದೇ ಒಪ್ಪಂದದ ಭಾಗ. "ಹಂಗಾರಕಟ್ಟೆ" ಎಂದಷ್ಟೇ ಬರೆದು, ಬೋಟನ್ನು ಕೋಡಿ ಬೆಂಗ್ರೆಯ ಕಡಲ ಬದಿಯ ಮರಳಿಗೆ ತಂದು ಲಂಗರು ಹಾಕಿದರೆ, ಕ್ಲೇಮಿನ ದಿನ ಆ ಒಂದು ಪದವೇ ಅಡ್ಡ ಬರುತ್ತದೆ.

ಕೋಡಿಅಳಿವೆ

ಜಾಗಕ್ಕೆ ಬಂದರು ಇಲಾಖೆಯ ಅನುಮತಿ ಬರಹದಲ್ಲೇ ಬೇಕು ಮಾರಾಯ್ರೇ. ಅಲ್ಲಿನವರು ಬಾಯಿಮಾತಿನಲ್ಲಿ "ಕಟ್ಟಿ, ಯಾರೂ ಕೇಳುದಿಲ್ಲ" ಎನ್ನುತ್ತಾರೆ. ನಿಜಕ್ಕೂ ಯಾರೂ ಕೇಳದೆ ಇರಬಹುದು. ಆದರೆ ವಿಮೆ ಸರ್ವೇಯರ್ ಕೇಳುತ್ತಾರೆ.

ಅರ್ಜಿಯ ಜತೆ ಒಂದು ನಕ್ಷೆ ಕೊಡಿ: ಜಿಪಿಎಸ್ ಬಿಂದು, ದಡದಿಂದ ದೂರ, ಮೀನುಗಾರಿಕೆ ಬೋಟುಗಳು ಓಡಾಡುವ ಚಾನೆಲಿನಿಂದ ದೂರ, ನಿಮ್ಮ ಬೋಟು ಸುತ್ತುವ ವೃತ್ತ. ಆ ವೃತ್ತ ಲೆಕ್ಕ ಹಾಕದೆ ಹೋಗುವವರೇ ಹೆಚ್ಚು. ಸರಪಳಿ ಮತ್ತು ಹಗ್ಗ ಸೇರಿ 13 ಮೀಟರ್ ಎಂದುಕೊಳ್ಳಿ, ಬೋಟು 6 ಮೀಟರ್, ಒಟ್ಟು 19 ಮೀಟರ್ ತ್ರಿಜ್ಯ. ಅಂದರೆ 38 ಮೀಟರ್ ಅಗಲದ ನೀರು ನಿಮಗೊಬ್ಬರಿಗೇ ಬೇಕು. ಬಲೆ ಬಿಡುವವರು, ಮರುವಾಯಿ ಚಿಪ್ಪು ಹೆಕ್ಕುವವರು ಓಡಾಡುವ ಜಾಗ ಅದು. ಅಕ್ಕಪಕ್ಕದ ದೋಣಿಯವರನ್ನು ಮೊದಲೇ ಮಾತಾಡಿಸಿ. ಅವರಷ್ಟು ಆ ತಳವನ್ನು ಬಲ್ಲವರು ಯಾರೂ ಇಲ್ಲ.

ಅಷ್ಟು ಅಗಲ ಸಿಗದಿದ್ದರೆ ಮುಂದೊಂದು ಹಿಂದೊಂದು, ಎರಡು ಬ್ಲಾಕ್ ಹಾಕಿ ಬೋಟನ್ನು ಹೊಳೆಯ ಉದ್ದಕ್ಕೆ ನಿಲ್ಲಿಸಬೇಕು. ಮೂತಿ ನೆಲದ ಕಡೆಗೆ, ಅಂದರೆ ಮೇಲ್ಹರಿವಿನ ಕಡೆಗೆ ಇರಲಿ. ಭರತದ ಎಳೆತ ಹಿಂದಿನಿಂದ ಬಂದರೂ ಅದು ಸೌಮ್ಯ. ಮಳೆ ನೀರು ಇಳಿಯುವಾಗಿನ ಎಳೆತವೇ ಜೋರು, ಅದನ್ನು ಮೂತಿಯೇ ತಡೆಯಬೇಕು.

ಸ್ವಂತ ಜೆಟ್ಟಿ ಕಟ್ಟುವ ಆಸೆ ಇದ್ದರೆ ಅದು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿಯ ಬೇರೆಯೇ ದಾರಿ. ಈ ಹಂಗಾಮಿಗೆ ಅದನ್ನು ಬಿಡಿ.

ಸೀತಾತೀರ

ಧನ್ಯವಾದ ಅಣ್ಣ. ದಡದ ಪಕ್ಕ ಜಾಗ 40 ಮೀಟರಿಗಿಂತ ಸ್ವಲ್ಪ ಹೆಚ್ಚೇ ಸಿಗಬಹುದು, ಹಾಗಾಗಿ ಒಂದೇ ಬ್ಲಾಕ್. 500 ಕಿಲೋ ಸಾಕು ಎಂದು ಊರಿನಲ್ಲಿ ಹೇಳುತ್ತಿದ್ದಾರೆ.

ಸರಪಳಿಗಂಟು

ಸಾಲದು. ಕಾಂಕ್ರೀಟಿನ ತೂಕ ದಡದ ಮೇಲೆ ಒಂದು, ನೀರಿನೊಳಗೆ ಇನ್ನೊಂದು. ಒಂದು ಘನ ಮೀಟರ್ ಕಾಂಕ್ರೀಟು 2400 ಕಿಲೋ. ಅದು ಪಕ್ಕಕ್ಕೆ ಸರಿಸುವ ಉಪ್ಪು ನೀರು 1025 ಕಿಲೋ. ಹಾಗಾಗಿ ತಳದಲ್ಲಿ ಉಳಿಯುವುದು ನೂರಕ್ಕೆ 57 ಪಾಲು. ನಿಮ್ಮ 500 ಕಿಲೋ ಬ್ಲಾಕ್ ಅಲ್ಲಿ 286 ಕಿಲೋ. ಮರಳಿನ ಮೇಲೆ ಜಾರದಂತೆ ಹಿಡಿಯುವ ಬಲ ಅದರ ಅರ್ಧ ಎಂದುಕೊಳ್ಳಿ, 143 ಕಿಲೋ ಆಯಿತು.

ಈಗ ಎಳೆತ. 20 ಅಡಿ ಬೋಟಿಗೆ 42 ನಾಟ್ (ಗಂಟೆಗೆ ಸುಮಾರು 78 ಕಿಮೀ) ಗಾಳಿಯಲ್ಲಿ ಸುಮಾರು 330 ಕಿಲೋ ಎಳೆತ ಎಂದು ಬೋಟು ಕಟ್ಟುವವರು ಬಳಸುವ ಕೋಷ್ಟಕ ಹೇಳುತ್ತದೆ. ಗಾಳಿಯ ಎಳೆತ ವೇಗದ ವರ್ಗದಂತೆ ಏರುತ್ತದೆ, ವೇಗ ದುಪ್ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಮೇ ತಿಂಗಳ ಸಂಜೆಯ ಗುಡುಗು ಮಳೆಗೆ 500 ಕಿಲೋ ಬ್ಲಾಕ್ ಬೋಟಿನ ಜತೆಯೇ ಪ್ರಯಾಣ ಹೊರಡುತ್ತದೆ.

1.2 × 1.2 × 0.35 ಮೀಟರ್ ಬ್ಲಾಕ್ ಮಾಡಿ. ದಡದಲ್ಲಿ ಸುಮಾರು 1210 ಕಿಲೋ, ನೀರಿನಲ್ಲಿ 690, ಹಿಡಿತ 345. ಚಪ್ಪಟೆಯಾಗಿಯೇ ಇರಲಿ. ಎತ್ತರದ ಬ್ಲಾಕ್ ಮಗುಚುತ್ತದೆ, ಇಳಿತದಲ್ಲಿ ಬೋಟಿನ ತಳಕ್ಕೂ ತಾಗುತ್ತದೆ. ಎಂ30 ದರ್ಜೆಯ ಕಾಂಕ್ರೀಟು, ಅರ್ಧ ಘನ ಮೀಟರಿಗೆ ಸ್ಲಾಗ್ ಸಿಮೆಂಟು 4 ಚೀಲ. ಉಪ್ಪು ನೀರಿಗೆ ಸ್ಲಾಗ್ ಸಿಮೆಂಟೇ ಬಾಳುತ್ತದೆ. ಒಳಗಿನ ಕಬ್ಬಿಣಕ್ಕೆ ಸುತ್ತಲೂ 75 ಮಿಮೀ ಕಾಂಕ್ರೀಟಿನ ಹೊದಿಕೆ. ಕೊಂಡಿಗೆ 25 ಮಿಮೀ ಮೈಲ್ಡ್ ಸ್ಟೀಲ್ ಸಾದಾ ಸರಳನ್ನು ಯು ಆಕಾರಕ್ಕೆ ಬಗ್ಗಿಸಿ, ಕಾಲುಗಳನ್ನು ತಳದ ಜಾಲರಿಗೆ ಸಿಕ್ಕಿಸಿ ಎರಕ ಹಾಕಿ. ಟಿಎಂಟಿ ಸರಳನ್ನು ಕೊಂಡಿ ಮಾಡಬೇಡಿ. ಅದರ ಏಣುಗಳು ಶ್ಯಾಕಲನ್ನು (ಸರಪಳಿ ಜೋಡಿಸುವ, ಪಿನ್ ಇರುವ ಯು ಆಕಾರದ ಕೊಕ್ಕೆ) ಅರದಂತೆ ತಿನ್ನುತ್ತವೆ, ಬಗ್ಗಿಸಿದ ಜಾಗದಲ್ಲಿ ಬಿರುಕೂ ಬಿಡಬಹುದು. 28 ದಿನ ನೀರುಣಿಸಿ.

ಸರಪಳಿ: ಬ್ಲಾಕಿನಿಂದ 16 ಮಿಮೀ ಗ್ಯಾಲ್ವನೈಸ್ಡ್ 6 ಮೀಟರ್ (ಮೀಟರಿಗೆ ಐದೂವರೆ ಕಿಲೋ ಚಿಲ್ಲರೆ), ಆಮೇಲೆ ಸ್ವಿವೆಲ್ (ಸರಪಳಿ ತಿರುಚಿಕೊಳ್ಳದಂತೆ ತಿರುಗುವ ಜೋಡಣೆ), ಅದರ ಮೇಲೆ 10 ಮಿಮೀ 5 ಮೀಟರ್, ಬೋಯ್ (ತೇಲುಗುಂಡು), ಬೋಯಿನಿಂದ ಬೋಟಿಗೆ 2 ಮೀಟರ್ ನೈಲಾನ್ ಹಗ್ಗ. ಇಳಿತದ ಒಂದೂವರೆ ಮೀಟರ್, ಹುಣ್ಣಿಮೆ-ಅಮಾವಾಸ್ಯೆಯ ಭರತಕ್ಕೆ ಒಂದೂವರೆ, ನೆರೆಗೆ ಒಂದು, ಒಟ್ಟು 4 ಮೀಟರ್ ನೀರು ಎಂದು ಹಿಡಿದ ಲೆಕ್ಕ ಇದು. ತಳದಲ್ಲಿ ಮಲಗಿರುವ ದಪ್ಪ ಸರಪಳಿಯೇ ಇಲ್ಲಿ ಸ್ಪ್ರಿಂಗ್. ಗಾಳಿ ಬಡಿದಾಗ ಮೊದಲು ಅದು ಮೇಲೇಳಬೇಕು, ಆಮೇಲಷ್ಟೇ ಎಳೆತ ಬ್ಲಾಕಿಗೆ ಹೋಗುತ್ತದೆ. ಸರಪಳಿ ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಬ್ಲಾಕನ್ನೇ ಹಗುರ ಮಾಡುತ್ತದೆ. ಆಗ ಮೇಲಿನ 345ರ ಲೆಕ್ಕವೆಲ್ಲ ಹುಸಿ.

ಬೋಯಿಗೆ ಕನಿಷ್ಠ 40 ಕಿಲೋ ತೇಲುವ ಬಲ ಇರಲಿ. ಸಣ್ಣ ಬೋಯ್ ಮಳೆಯ ಸೆಳೆತಕ್ಕೆ ನೀರಿನಡಿ ಹೋಗಿ ಬೇರೆಯವರ ಪ್ರೊಪೆಲ್ಲರಿಗೆ ಸಿಗುತ್ತದೆ. ಅದರ ಮೇಲೆ ಬೋಟಿನ ನೋಂದಣಿ ಸಂಖ್ಯೆ ಬರೆಯಿರಿ.

ಸೀತಾತೀರ

1210 ಕಿಲೋ ಬ್ಲಾಕನ್ನು ಹೊಳೆ ಮಧ್ಯಕ್ಕೆ ಒಯ್ಯುವುದು ಹೇಗೆ? ಕ್ರೇನ್ ದೋಣಿ ಇಲ್ಲಿ ಸಿಗುವುದಿಲ್ಲ.

ಸರಪಳಿಗಂಟು

ಭರತವೇ ಎತ್ತಿಕೊಡುತ್ತದೆ. 200 ಲೀಟರಿನ ಒಂದು ಮುಚ್ಚಿದ ಡ್ರಮ್ಮು ತನ್ನ ತೂಕ ಕಳೆದು ಸುಮಾರು 185 ಕಿಲೋ ಎತ್ತುತ್ತದೆ. 690 ಕಿಲೋಗೆ ಲೆಕ್ಕದಲ್ಲಿ 4 ಸಾಕು, 6 ಕಟ್ಟಿ.

ಹುಣ್ಣಿಮೆ ಅಥವಾ ಅಮಾವಾಸ್ಯೆಯ ಇಳಿತದಲ್ಲಿ ಜೆಸಿಬಿಯಿಂದ ಬ್ಲಾಕನ್ನು ನೀರಿನ ಅಂಚಿಗೆ ತಂದು, ಎರಡು ಅಡಿಕೆ ಮರದ ದಿಮ್ಮಿಗಳ ಮೇಲೆ ಇಡಿ. ನೇರ ಕೆಸರಿನ ಮೇಲೆ ಇಟ್ಟರೆ ಕೆಸರು ಅದನ್ನು ಹೀರಿ ಹಿಡಿಯುತ್ತದೆ. ಭರತ ಬಂದಾಗ ಬ್ಲಾಕ್ ಏಳುವ ಬದಲು ಡ್ರಮ್ಮುಗಳೇ ಮುಳುಗುತ್ತವೆ. ಮೂರು ಮೂರು ಡ್ರಮ್ಮುಗಳನ್ನು ಬಿದಿರಿನ ಎರಡು ಚೌಕಟ್ಟಿಗೆ ಬಿಗಿದು ಬ್ಲಾಕಿನ ಎರಡೂ ಬದಿಗೆ ನಿಲ್ಲಿಸಿ. ಎಲ್ಲ ಹಗ್ಗಗಳೂ ಮೇಲೆ ಬಂದು ಒಂದೇ ದಪ್ಪ ಹಗ್ಗದಲ್ಲಿ ಸೇರಬೇಕು, ಆ ಹಗ್ಗ ಕೊಂಡಿಯೊಳಗಿಂದ ಹಾದು ವಾಪಸ್ ಚೌಕಟ್ಟಿಗೆ ಬಂದು ಕಟ್ಟಿರಬೇಕು. ಇಳಿತದಲ್ಲೇ ಸಡಿಲ ಬಿಡದೆ ಬಿಗಿಯಿರಿ. ಸರಪಳಿ ಮತ್ತು ಬೋಯನ್ನು ಆಗಲೇ ಸೇರಿಸಿ, ಚೌಕಟ್ಟಿನ ಮೇಲೆ ಎಂಟರ ಆಕಾರದಲ್ಲಿ ಹಾಸಿಡಿ.

ಭರತ ತುಂಬಿ ನೀರು ನಿಂತ ಹೊತ್ತಿಗೆ ಎಳೆದುಕೊಂಡು ಹೋಗಿ, ಜಾಗ ತಲುಪಿದಾಗ ಆ ಒಂದು ಹಗ್ಗ ಕಡಿಯಿರಿ. ಕಡಿಯುವವರು ಪಕ್ಕದ ದೋಣಿಯಲ್ಲಿ ನಿಂತು, ಕೋಲಿಗೆ ಕಟ್ಟಿದ ಕತ್ತಿಯಿಂದ ಕಡಿಯಬೇಕು. ಚೌಕಟ್ಟಿನ ಮೇಲೆ ನಿಂತೋ ನೀರಿಗಿಳಿದೋ ಯಾರೂ ಕಡಿಯಬಾರದು. ಬ್ಲಾಕ್ ಇಳಿಯುವಾಗ ಸರಪಳಿ ಓಡುವ ವೇಗಕ್ಕೆ ಕಾಲು ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಡ್ರಮ್ಮುಗಳನ್ನು ಒಂದೊಂದಾಗಿ ಬಿಚ್ಚಿದರೆ ಬ್ಲಾಕ್ ವಾಲಿ ಅಡ್ಡ ಬೀಳುತ್ತದೆ, ಕೊಂಡಿ ಕೆಸರಿಗೆ ಹೋಗುತ್ತದೆ.

ಬ್ಲಾಕ್ ಬಿದ್ದ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ. ಎರಕದೊಳಗೆ ಹೋಗುವ ಕಬ್ಬಿಣದ ಜಾಲರಿ, ಕೊಂಡಿ, ಪ್ರತಿ ಶ್ಯಾಕಲ್, ಸರಪಳಿಯ ಬಿಲ್ಲು, ಎಲ್ಲದರ ಫೋಟೋ ತೆಗೆದಿಡಿ. ಪಾಲಿಸಿಯವರಿಗೆ ಕೊಡುವ ಮೂರಿಂಗ್ ವಿವರಕ್ಕೆ ಇದೇ ಆಧಾರ.

ಪಾಲಿಸಿಪುಟ

ಸರಪಳಿಗಂಟು ಅವರು ಹೇಳಿದ ಆ ಫೋಟೋಗಳು ಯಾಕೆ ಮುಖ್ಯ ಎನ್ನುವುದಕ್ಕೆ ಪಾಲಿಸಿಯ ಒಳಗೆ ಹೋಗೋಣ.

ವಿಹಾರ ಬೋಟುಗಳಿಗೆ ಸಾಮಾನ್ಯವಾಗಿ ಹಚ್ಚುವುದು ಇನ್‌ಸ್ಟಿಟ್ಯೂಟ್ ಯಾಟ್ ಕ್ಲಾಝಸ್ (ವಿಹಾರ ಬೋಟು ವಿಮೆಯ ಸಿದ್ಧ ಷರತ್ತುಗಳು), 1985ರ ನವೆಂಬರ್ 1ರ ಪಠ್ಯ. ಅದರಲ್ಲಿ ಒಂದು ವೇಗದ ವಾರಂಟಿ (ವಿಮೆ ಮಾಡಿಸಿದವರು ತಪ್ಪದೆ ಪಾಲಿಸಬೇಕಾದ ಷರತ್ತು) ಇದೆ: ಬೋಟಿನ ವಿನ್ಯಾಸದ ಗರಿಷ್ಠ ವೇಗ 17 ನಾಟ್ ಮೀರಬಾರದು. ಅಂದರೆ ಗಂಟೆಗೆ 31 ಕಿಮೀ ಚಿಲ್ಲರೆ. 6 ಮೀಟರ್ ಫೈಬರಿಗೆ 60 ಎಚ್‌ಪಿ ಹಾಕಿದರೆ ಅದನ್ನು ದಾಟುವುದು ಬಹುತೇಕ ಖಚಿತ. ಮುಚ್ಚಿಡಬೇಡಿ, ನಿಜ ವೇಗವನ್ನೇ ಬರೆಯಿರಿ. ಆಗ ಕಂಪನಿ ಆ ವಾರಂಟಿ ತೆಗೆದು 19ನೇ ಕಲಂ, ಅಂದರೆ ಸ್ಪೀಡ್‌ಬೋಟ್ ಷರತ್ತುಗಳನ್ನು ಸೇರಿಸುತ್ತದೆ. ಆ ಷರತ್ತುಗಳಲ್ಲಿ ನಿಮಗೆ ಸಂಬಂಧಪಟ್ಟವು ಎರಡು. ಬೋಟು ಚಲಿಸುವಾಗ ಪಾಲಿಸಿಯಲ್ಲಿ ಹೆಸರಿರುವವರು ಅಥವಾ ಬೇರೆ ಸಮರ್ಥ ವ್ಯಕ್ತಿ ಬೋಟಿನಲ್ಲಿದ್ದು ನಿಯಂತ್ರಣದಲ್ಲಿಟ್ಟಿರಬೇಕು. ಎರಡನೆಯದು ನಿಮ್ಮ ಮೂರಿಂಗಿನ ತಳಕ್ಕೇ ತಾಗುವಂಥದ್ದು: ತೆರೆದ ಕಡಲ ದಂಡೆಯ ಮುಂದೆ, ಯಾರೂ ಇಲ್ಲದಾಗ ಲಂಗರಿನಲ್ಲೋ ಮೂರಿಂಗಿನಲ್ಲೋ ಬಿಟ್ಟ ಬೋಟು ಮುಳುಗಿದರೆ, ನೀರು ತುಂಬಿದರೆ, ಕಿತ್ತುಕೊಂಡು ಹೋದರೆ ಕ್ಲೇಮ್ ಇಲ್ಲ.

ಆದ್ದರಿಂದ ಪ್ರಪೋಸಲ್‌ನಲ್ಲಿ ಹೀಗೆ ಬರೆಯಿರಿ: ಅಳಿವೆಯ ಒಳಗೆ, ಹೊಳೆಯಲ್ಲಿ, ಇಂಥ ಅಕ್ಷಾಂಶ-ರೇಖಾಂಶದಲ್ಲಿ, ಇಷ್ಟು ತೂಕದ ಕಾಂಕ್ರೀಟ್ ಬ್ಲಾಕ್, ಇಷ್ಟು ಮಿಮೀ ಸರಪಳಿ, ಬಂದರು ಕಚೇರಿಯ ಅನುಮತಿ ಪತ್ರ ಲಗತ್ತಿಸಿದೆ. ಈ ಜಾಗವನ್ನು ತೆರೆದ ದಂಡೆ ಎಂದು ಪರಿಗಣಿಸುವುದಿಲ್ಲ ಎಂದು ಕಂಪನಿಯಿಂದ ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ. ಸೇಂಟ್ ಮೇರೀಸ್ ದ್ವೀಪದ ಕಡೆ ಲಂಗರು ಹಾಕಿ ಎಲ್ಲರೂ ದಡಕ್ಕಿಳಿದರೆ ಅದು ಅದೇ ಷರತ್ತಿನ ಬಾಯಿಗೆ ಸರಿಯಾಗಿ ಬೀಳುತ್ತದೆ. ಒಬ್ಬರು ಬೋಟಿನಲ್ಲೇ ಇರಲಿ.

ಔಟ್‌ಬೋರ್ಡಿನ ವಿಷಯ. ಅದು ಕಳಚಿ ನೀರಿಗೆ ಬಿದ್ದರೆ ಈ ಕ್ಲಾಝಸ್ ಪ್ರಕಾರ ಹಣವಿಲ್ಲ. ಕಳುವಾದರೆ ಹಣವುಂಟು, ಆದರೆ ಎಂಜಿನ್ ಕೂರಿಸುವ ಮಾಮೂಲಿ ಬೋಲ್ಟುಗಳಲ್ಲದೆ ಬೇರೊಂದು ಕಳವು-ತಡೆ ಬೀಗ ಇರಲೇಬೇಕು. ಬೀಗದ ಬಿಲ್ಲು, ಎಂಜಿನ್ ನಂಬರ್ ಕಾಣುವಂತೆ ಬೀಗದ ಫೋಟೋ ಎರಡೂ ಇಟ್ಟುಕೊಳ್ಳಿ. ಎಂಜಿನ್ ಕೋಣೆಗೆ ಬೆಂಕಿನಂದಕ ವ್ಯವಸ್ಥೆ ಬೇಕೆಂಬ ಷರತ್ತು ಇನ್‌ಬೋರ್ಡ್ ಯಂತ್ರದವರಿಗೆ, ನಿಮಗಲ್ಲ. ಆದರೂ ಒಂದು ನಂದಕ ಬೋಟಿನಲ್ಲಿರಲಿ.

ಮೊತ್ತ: ಹಲ್ (ಬೋಟಿನ ಮೈ), ಎಂಜಿನ್, ಟ್ರೇಲರ್ ಬೇರೆ ಬೇರೆ ಬರೆಸಿ. "ಒಪ್ಪಿದ ಮೌಲ್ಯ"ದ (ಬೋಟಿನ ಬೆಲೆಯನ್ನು ಮೊದಲೇ ಒಪ್ಪಿ ಬರೆದಿಡುವ) ಪಾಲಿಸಿ ಕೇಳಿ, ಅದಕ್ಕೆ ಸರ್ವೇಯರ್ ಮೌಲ್ಯಮಾಪನ ಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಬೋಟಿಗೆ ಆ ಖರ್ಚು ಹೇಗೂ ಮಾಡಬೇಕಾದ್ದೇ. ಟ್ರಾನ್ಸಮ್ (ಎಂಜಿನ್ ಕೂರುವ ಹಿಂಬದಿಯ ಗೋಡೆ) ಒಳಗಿನ ಪ್ಲೈವುಡ್ ಕೊಳೆತಿದೆಯೇ ಎಂಬುದು ಸುತ್ತಿಗೆಯಿಂದ ತಟ್ಟಿ ನೋಡುವವರಿಗೇ ಗೊತ್ತಾಗುವುದು. ಗಟ್ಟಿ ಇದ್ದರೆ ಟಣ್ ಎನ್ನುತ್ತದೆ, ಕೊಳೆತಿದ್ದರೆ ದೊಬ್ ಎನ್ನುತ್ತದೆ.

ಸೀತಾತೀರ

ನೋಂದಣಿ, ಸರ್ವೆ ಇಲ್ಲದೆ ವಿಮೆ ಸಿಗುವುದೇ ಇಲ್ಲವೇ? ಬೋಟು ಸ್ವಂತ ಬಳಕೆಗಲ್ಲವೇ ಎಂದು ಕೇಳಿದೆ.

ಪಾಲಿಸಿಪುಟ

ಸ್ವಂತ ಬಳಕೆ ಎಂದರೂ ಯಂತ್ರಚಾಲಿತ ಬೋಟೇ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಒಳನಾಡು ಹಡಗುಗಳ ಕಾಯ್ದೆ, 2021 ನೋಂದಣಿ, ಸರ್ವೆ, ವಿಮೆ ಮೂರನ್ನೂ ಒಂದಕ್ಕೊಂದು ಹೊಂದಿಸಿಟ್ಟಿದೆ. ನೀರನ್ನು ಅಲೆಯ ಎತ್ತರದ ಮೇಲೆ ಮೂರು ವಲಯ ಮಾಡಿದೆ: 2 ಮೀಟರ್, 1.2 ಮೀಟರ್, 0.6 ಮೀಟರ್ ಮಿತಿಗಳು. ನಿಮ್ಮ ಪ್ರಮಾಣಪತ್ರದಲ್ಲಿ ಯಾವ ವಲಯ ಇದೆಯೋ ಪಾಲಿಸಿಯ ಸಂಚಾರ ಮಿತಿಯೂ ಅದೇ ಇರಲಿ. ಒಳನಾಡಿನ ಪತ್ರ ಹಿಡಿದು ಅಳಿವೆಯ ಹೊರಗೆ ಕಡಲಿಗೆ ಹೋಗಬಾರದು, ಅದಕ್ಕೆ ಬಂದರು ಕಚೇರಿಯಲ್ಲೇ ಬೇರೆ ವಿಚಾರಿಸಬೇಕು.

ಹೆಜ್ಜೆಗಳ ಸಾಲು ಹೀಗಿರಲಿ: ಮಾರಾಟ ಪತ್ರ ಮತ್ತು ಎಂಜಿನ್ ಬಿಲ್ಲು ಕೈಗೆ ಬಂದ ಕೂಡಲೇ ಮಾಲೀಕತ್ವ ಬದಲಾವಣೆಯ ಅರ್ಜಿ, ಬೋಟು ಟ್ರೇಲರಿನ ಮೇಲೆ ಒಣ ನೆಲದಲ್ಲಿರುವಾಗಲೇ ಸರ್ವೆ, ಅಷ್ಟರಲ್ಲಿ ಜಾಗದ ಅನುಮತಿ ಮತ್ತು ಬ್ಲಾಕ್, ಆಮೇಲೆ ಪ್ರಪೋಸಲ್, ಪ್ರೀಮಿಯಂ, ಶೆಡ್ಯೂಲ್, ಕೊನೆಗೆ ನೀರು. ಟ್ರೇಲರ್ ಎಳೆಯುವ ಜೀಪಿನ ವಿಮೆ ಬೋಟಿಗೆ ಆಗುವ ಹಾನಿ ಕೊಡುವುದಿಲ್ಲ. ರಸ್ತೆ ಸಾಗಣೆ ಬೇಕಿದ್ದರೆ ಅದನ್ನು ಸೇರಿಸಿ ಎಂದು ಬಾಯಿಬಿಟ್ಟು ಕೇಳಿ.

ಹೊನ್ನಾವರದಂಡೆ

ಶರಾವತಿ ಕಡೆಯಿಂದ ಒಂದು ಮಾತು. ಮಳೆಗಾಲದ ಬಗ್ಗೆ ಯಾರೂ ಇನ್ನೂ ಹೇಳಿಲ್ಲ.

ಪಾಲಿಸಿಯಲ್ಲಿ ಲೇ-ಅಪ್ ಅವಧಿ (ಬೋಟು ಬಳಸದೆ ಎತ್ತಿಡುವ ತಿಂಗಳುಗಳು) ಎಂದು ಇರುತ್ತದೆ. ಜೂನ್ 1ರಿಂದ ಸೆಪ್ಟೆಂಬರ್ 30 ದಡದ ಮೇಲೆ ಎಂದು ಬರೆಸಿದರೆ ಪ್ರೀಮಿಯಂ ಇಳಿಯುತ್ತದೆ. ಆದರೆ ಜೂನ್ 3ಕ್ಕೂ ಬೋಟು ನೀರಿನಲ್ಲೇ ಇದ್ದು ಏನಾದರೂ ಆದರೆ ಕ್ಲೇಮ್ ಕೇಳಲು ಮುಖವಿಲ್ಲ. ಎತ್ತುವ ದಿನವನ್ನು ಹತ್ತು ದಿನ ಮುಂಚೆಯೇ ಇಟ್ಟುಕೊಳ್ಳಿ. ಯಾಂತ್ರಿಕ ಮೀನುಗಾರಿಕೆಯ ನಿಷೇಧ ಶುರುವಾಗುವುದೂ ಜೂನ್ 1ಕ್ಕೇ. ಆ ವಾರ ರ‍್ಯಾಂಪು, ಟ್ರ್ಯಾಕ್ಟರು ಎಲ್ಲಕ್ಕೂ ನೂಕುನುಗ್ಗಲು.

ಮೂರಿಂಗಿನಲ್ಲಿ ಬೋಟು ಮುಳುಗುವುದು ಹೆಚ್ಚಾಗಿ ಅಲೆಗಲ್ಲ, ಮಳೆಗೆ. ನಿಮ್ಮ ಬೋಟಿನ ತೆರೆದ ಭಾಗ ಹತ್ತು ಚದರ ಮೀಟರ್ ಇದ್ದು ಒಂದು ದಿನ 100 ಮಿಮೀ ಮಳೆ ಬಂದರೆ ಒಳಗೆ 1000 ಲೀಟರ್, ಒಂದು ಟನ್ ನೀರು. ಎಂಜಿನ್ ಭಾರಕ್ಕೆ ಅದೆಲ್ಲ ಹಿಂದಕ್ಕೆ ಓಡುತ್ತದೆ, ಟ್ರಾನ್ಸಮ್ ತಗ್ಗುತ್ತದೆ, ಹೊಳೆ ನೀರು ಅಲ್ಲಿಂದ ಒಳಗೆ ಬರಲು ಶುರುವಾದರೆ ಮುಗಿಯಿತು. ಬಿಲ್ಜ್ ಪಂಪಿನ (ಬೋಟಿನ ತಳದ ನೀರು ಹೊರಹಾಕುವ ಪಂಪು) ಮೇಲೆ ಬರೆದ ಸಂಖ್ಯೆ ನಂಬಬೇಡಿ, ಪೈಪಿನ ಎತ್ತರ, ಬ್ಯಾಟರಿ ಸೋತಾಗಿನ ವೋಲ್ಟೇಜ್ ಸೇರಿ ಅರ್ಧಕ್ಕೆ ಬರುತ್ತದೆ. ಅಷ್ಟಾದರೂ ಪಂಪಿಗೆ ಆ ನೀರು ಒಂದೆರಡು ಗಂಟೆಯ ಕೆಲಸ. ಕೈ ಕೊಡುವುದು ಫ್ಲೋಟ್ ಸ್ವಿಚ್ಚು (ನೀರು ಏರಿದಾಗ ಪಂಪು ಓಡಿಸುವ ಸ್ವಿಚ್ಚು). ಒಂದು ಮಾವಿನೆಲೆ ಅದರಡಿ ಸಿಕ್ಕರೆ ಏಳುವುದಿಲ್ಲ. ಸುತ್ತ ಜಾಲರಿ ಹಾಕಿ, ಪಂಪಿನ ವೈರನ್ನು ಮೇನ್ ಸ್ವಿಚ್ಚಿನಿಂದಾಚೆ ನೇರ ಬ್ಯಾಟರಿಗೆ ಫ್ಯೂಸ್ ಮೂಲಕ ಕೊಡಿ, 20 ವಾಟ್ ಸೋಲಾರ್ ಇಡಿ, ಮೇಲೆ ನೀರು ನಿಲ್ಲದಂತೆ ಮಧ್ಯೆ ಎತ್ತರಿಸಿದ ಟಾರ್ಪಾಲು ಹಾಕಿ.

ದಡಕ್ಕೆ ಎತ್ತಿದ ಮೇಲೆ ಹಿಂದಿನ ಡ್ರೇನ್ ಪ್ಲಗ್ ತೆಗೆದಿಡಿ, ಮೂತಿ ಎತ್ತರಿಸಿ. ತೆಂಗಿನ ಮರದಡಿ ಬೇಡ. ಟ್ಯಾಂಕಿನ ಪೆಟ್ರೋಲು ಖಾಲಿ ಮಾಡಿ. ಈಗ ಬರುವ ಇ20 ಪೆಟ್ರೋಲಿನ ಎಥನಾಲ್ ನಮ್ಮ ತೇವಕ್ಕೆ ನೀರು ಹೀರಿ ತಳದಲ್ಲಿ ಬೇರೆಯಾಗಿ ಕೂರುತ್ತದೆ. ಅಕ್ಟೋಬರಿನಲ್ಲಿ ಎಂಜಿನ್ ಮೊದಲು ಕುಡಿಯುವುದೇ ಅದನ್ನು. ಆ ರಿಪೇರಿಗೆ ಯಾವ ವಿಮೆಯೂ ಬರುವುದಿಲ್ಲ.

ಬೋಟು ಮುಳುಗಿಯೇ ಹೋದರೆ: ಕಂಪನಿಗೆ ಅದೇ ದಿನ ಫೋನು ಮತ್ತು ಇಮೇಲ್, ಕರಾವಳಿ ಕಾವಲು ಪೊಲೀಸ್ ಠಾಣೆಗೆ ದೂರು. ಎಂಜಿನನ್ನು ಮೇಲೆತ್ತಿದ ಕ್ಷಣದಿಂದ ಗಾಳಿ ತಾಗಿ ತುಕ್ಕು ಓಡುತ್ತದೆ. ಫೋಟೋ ತೆಗೆದು, ಸಿಹಿನೀರಲ್ಲಿ ತೊಳೆದು, ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರ ಹಾಕಿ, ಸಿಲಿಂಡರಿಗೆ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸಿ. ಹಾನಿ ಹೆಚ್ಚದಂತೆ ಮಾಡುವುದು ಮಾಲೀಕರ ಕರ್ತವ್ಯ, ಅದಕ್ಕಾದ ಸಮಂಜಸ ಖರ್ಚನ್ನೂ ಕೇಳಬಹುದು. ಸರ್ವೇಯರ್ ಬರಲಿ ಎಂದು ಮೂರು ದಿನ ಹಾಗೇ ಬಿಟ್ಟರೆ ಎಂಜಿನೂ ಹೋಯಿತು, ವಾದವೂ ಹೋಯಿತು.

ಸೀತಾತೀರ

ಕೊನೆಯದೊಂದು. ಶ್ಯಾಕಲ್ ಸ್ಟೇನ್‌ಲೆಸ್ ತಂದಿದ್ದೇನೆ, ತುಕ್ಕು ಹಿಡಿಯುವುದಿಲ್ಲವಲ್ಲ ಎಂದು. ಹಗ್ಗಕ್ಕೆ ಬಲೆಯವರ ನೀಲಿ ಪಿಪಿ ಸಾಕೇ?

ಸರಪಳಿಗಂಟು

ಎರಡೂ ಬೇಡ. ಉಪ್ಪು ನೀರಿನಲ್ಲಿ ಗ್ಯಾಲ್ವನೈಸ್ಡ್ ಸರಪಳಿಗೆ ಸ್ಟೇನ್‌ಲೆಸ್ ಶ್ಯಾಕಲ್ ತಾಗಿದರೆ ಅದು ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಶ್ಯಾಕಲ್ ಹೊಳೆಯುತ್ತಾ ಇರುತ್ತದೆ, ಅದಕ್ಕೆ ಸೇರಿದ ಸರಪಳಿಯ ಕೊಂಡಿ ಸತು ಕಳೆದುಕೊಂಡು ಸವೆಯುತ್ತದೆ. ಶ್ಯಾಕಲೂ ಗ್ಯಾಲ್ವನೈಸ್ಡ್ ಇರಲಿ, ಸರಪಳಿಗಿಂತ ಒಂದು ಸೈಜು ದಪ್ಪ. ಪಿನ್ ಪೂರ್ತಿ ಬಿಗಿದು, ಅದರ ಕಣ್ಣಿನಿಂದ ಶ್ಯಾಕಲಿನ ತೋಳಿಗೆ ತಂತಿ ಎರಡು ಸುತ್ತು ಹಾಕಿ ತಿರುಚಿ, ತುದಿಯನ್ನು ಒಳಕ್ಕೆ ಮಡಚಿ. ಕಟ್ಟಡದವರ ತೆಳು ಬೈಂಡಿಂಗ್ ವೈರು ಒಂದು ಹಂಗಾಮಿನಲ್ಲೇ ಕರಗುತ್ತದೆ. ಇಲ್ಲಿ ಮಾತ್ರ ಸಣ್ಣ ಸ್ಟೇನ್‌ಲೆಸ್ ತಂತಿ ನಡೆಯುತ್ತದೆ, ಮೈ ಸಣ್ಣದಾದ್ದರಿಂದ ಅದು ಮಾಡುವ ಹಾನಿಯೂ ಅಲ್ಪ.

ಪಿಪಿ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ, ನೈಲಾನಿನಷ್ಟು ಹಿಗ್ಗುವುದಿಲ್ಲ, ತೇಲಿ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. 16 ಮಿಮೀ ನೈಲಾನ್ ಎರಡು ತುಂಡು, ಒಂದು ಇನ್ನೊಂದಕ್ಕಿಂತ ಒಂದಡಿ ಉದ್ದ. ಮೊದಲನೆಯದು ಹರಿದರೆ ಎರಡನೆಯದು ಹೊಸದಾಗಿಯೇ ಕಾದಿರುತ್ತದೆ. ಮೂತಿಗೆ ಉಜ್ಜುವ ಕಡೆ ಹಳೆಯ ಫೈರ್ ಹೋಸ್ ತುಂಡು ತೊಡಿಸಿ ಹೊಲಿಯಿರಿ. ಹಗ್ಗ ಕಟ್ಟುವ ಕ್ಲೀಟಿನಡಿ ಡೆಕ್ಕಿನ ಒಳಬದಿಗೆ ಲೋಹದ ಪಟ್ಟಿ ಇದೆಯೇ ನೋಡಿ. ಬರೀ ವಾಷರ್ ಇದ್ದರೆ ಬ್ಲಾಕ್ ನಿಂತರೂ ಕ್ಲೀಟು ಕಿತ್ತು ಬರುತ್ತದೆ.

ಸರಪಳಿ ಮೊದಲು ಸವೆಯುವುದು ಅದು ದಿನವಿಡೀ ತಳಕ್ಕೆ ತಾಗಿ ಏಳುವ ಜಾಗದಲ್ಲಿ. ಮೇ ಕೊನೆಗೆ ಬೋಟು ಎತ್ತುವಾಗ ಅಲ್ಲಿನ ಬಾರ್ನಕಲ್ ಕೆರೆದು ವರ್ನಿಯರಿನಲ್ಲಿ ಅಳೆಯಿರಿ. 10 ಮಿಮೀ ಸರಪಳಿ ಏಳೂವರೆಗೆ ಬಂದಿದ್ದರೆ ದಪ್ಪ ಕಾಲುಭಾಗ ಹೋಗಿದೆ ಎನಿಸಬಹುದು, ಬಲ ಮಾತ್ರ ನೂರಕ್ಕೆ 44 ಹೋಗಿರುತ್ತದೆ. ಅಲ್ಲಿಯವರೆಗೆ ಕಾಯದೆ ಬದಲಿಸಿ. ಅಳತೆಯ ಫೋಟೋ, ಹೊಸ ಸರಪಳಿಯ ಬಿಲ್ಲು ಎರಡನ್ನೂ ಮುಂದಿನ ವರ್ಷದ ಪಾಲಿಸಿ ಕಡತಕ್ಕೆ ಸೇರಿಸಿ.

ಸೀತಾತೀರ

ಸ್ಟೇನ್‌ಲೆಸ್ ಶ್ಯಾಕಲ್ ನಾಳೆಯೇ ವಾಪಸ್ ಕೊಡುತ್ತೇನೆ. ಬಂದರು ಕಚೇರಿಗೆ ನಕ್ಷೆ ಸಿದ್ಧ ಮಾಡುತ್ತಿದ್ದೇನೆ, ವೃತ್ತ 38 ಮೀಟರ್ ಎಂದೇ ಬರೆದಿದ್ದೇನೆ. ಎಲ್ಲರಿಗೂ ಕೃತಜ್ಞತೆ.